ಎಂಟನೆಯ ಮಗು ಬರಲಿಲ್ಲವೆಂದು ತಾಯಿಯನ್ನು ದೂರಿದ ಕಚೇರಿಗೆ

ಲಸಿಕೆ ಬಿಲ್ ಮಂಜೂರಾತಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ದಡಾರದಿಂದ ಎರಡೂ ಕಿವಿಯ ಶಕ್ತಿ ಕಳೆದುಕೊಂಡ ಹತ್ತೊಂಬತ್ತು ತಿಂಗಳ ಮಗುವೊಂದಕ್ಕೆ ಕಿವಿ ಕೇಳಿಸುವ ಯಂತ್ರ ಹಾಕಿಸಲು ಅದರ ತಾಯಿ ಕೇಳಿದ್ದ ನೆರವನ್ನು ನಿಮ್ಮ ಕಚೇರಿ ತಿರಸ್ಕರಿಸಿದೆ. ಕಾರಣವೆಂದು ಎರಡೇ ಪದ ಬರೆದಿದ್ದೀರಿ: ‘ಪೋಷಕರ ನಿರ್ಲಕ್ಷ್ಯ’. ಸಕಾಲಕ್ಕೆ ಲಸಿಕೆ ಹಾಕಿಸದ ತಾಯಿಗೆ ಸಾರ್ವಜನಿಕರ ಹಣ ಏಕೆ ಕೊಡಬೇಕು ಎಂಬುದು ನಿಮ್ಮ ತರ್ಕ. ತರ್ಕ ಚೆನ್ನಾಗಿಯೇ ಇದೆ, ಸುಳ್ಳು ಎಂಬುದೊಂದೇ ಅದರ ಕೊರತೆ. ಇದು ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಾದರೆ, ಆ ಎರಡು ಪದಗಳನ್ನು ನಿಮ್ಮ ಕಂಪ್ಯೂಟರಿಗೆ ಕೊಟ್ಟವಳು ನಾನೇ. ಒಮ್ಮೆಯಲ್ಲ, ಮೂರು ಸಲ.

ನಾನು ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಿಲ್ ಮಾಡುತ್ತಿದ್ದೇನೆ. ಒಬ್ಬರು ಡಾಕ್ಟರು, ಒಬ್ಬರು ನರ್ಸಮ್ಮ, ನಾನು, ಮತ್ತೆ ಒಂದು ಕಾಲು ಕುಂಟುವ ಬೆಂಚು. ನಮ್ಮ ಮೂವರಿಗಿಂತ ಹೆಚ್ಚು ಮರ್ಯಾದೆ ಇರುವುದು ಗೋಡೆ ಪಕ್ಕದ ಲಸಿಕೆ ಫ್ರಿಜ್ಜಿಗೆ. ಅದರೊಳಗೆ ಎಷ್ಟು ತಂಪಿದೆ ಎಂದು ದಿನಕ್ಕೆರಡು ಸಲ ನೋಡಿ ಬರೆದಿಡುತ್ತೇವೆ. ನನಗೆ ಜ್ವರ ಬಂದಾಗ ಹಾಗೆ ಯಾರೂ ಬರೆದಿಟ್ಟದ್ದಿಲ್ಲ. ಬುಧವಾರ ನಮ್ಮಲ್ಲಿ ಲಸಿಕೆಯ ದಿನ.

ದಡಾರದ ಲಸಿಕೆ ಹತ್ತು ಮಕ್ಕಳಿಗಾಗುವಷ್ಟು ಒಂದೇ ಸೀಸೆಯಲ್ಲಿ ಬರುತ್ತದೆ. ಪುಡಿಗೆ ದ್ರವ ಬೆರೆಸಿದ ಮೇಲೆ ಆರು ಗಂಟೆಯೊಳಗೆ ಹಾಕಿ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಸೀಸೆಯನ್ನು ಕ್ಲಿನಿಕ್ಕು ಮೊದಲು ತನ್ನ ಹಣದಲ್ಲಿ ಕೊಳ್ಳುತ್ತದೆ, ಆಮೇಲೆ ನಿಮಗೆ ಬಿಲ್ ಕಳಿಸುತ್ತದೆ. ಮೊದಲೆಲ್ಲ ಎಸೆದ ಮದ್ದಿನ ಬೆಲೆಯನ್ನೂ ನೀವು ಕೊಡುತ್ತಿದ್ದಿರಿ. ಮೂರು ವರ್ಷದ ಹಿಂದೆ ನಿಮ್ಮಿಂದ ‘ಪೋಲು ತಡೆ’ ಎಂಬ ಸುತ್ತೋಲೆ ಬಂತು. ಎರಡಕ್ಕಿಂತ ಹೆಚ್ಚು ಮಕ್ಕಳ ಮದ್ದು ಉಳಿದರೆ ಆ ಇಡೀ ಸೀಸೆಗೆ ಚಿಕ್ಕಾಸೂ ಸಿಗುವುದಿಲ್ಲ ಎಂದಿರಿ. ಅಂದರೆ ಎಂಟು ಮಕ್ಕಳು ಸೇರುವ ತನಕ ಸೀಸೆ ತೆರೆಯುವ ಹಾಗಿಲ್ಲ. ಇನ್ನು, ತೆರೆಯದೆಯೇ ಅವಧಿ ಮೀರಿದ ಸೀಸೆಗೆ ಮಾತ್ರ ಪೂರ್ತಿ ಹಣ! ಒಂದೇ ಒಂದು ಮಗು ಬಂದರೂ ಸೀಸೆ ತೆರೆಯಿರಿ ಎಂದು ನಿಮ್ಮದೇ ಇಲಾಖೆಯ ತರಬೇತಿ ಪುಸ್ತಕ ನರ್ಸಮ್ಮನಿಗೆ ಹೇಳುತ್ತದೆ. ಪುಸ್ತಕ ಬರೆದವರೂ ಸುತ್ತೋಲೆ ಬರೆದವರೂ ಒಂದೇ ಲಿಫ್ಟಿನಲ್ಲಿ ಹತ್ತಿಳಿಯುವವರಲ್ಲವೇ? ಒಮ್ಮೆಯಾದರೂ ಪರಸ್ಪರ ಮಾತಾಡಬಾರದೇ? ಪುಸ್ತಕ ಪಾಲಿಸಿದರೆ ಕ್ಲಿನಿಕ್ಕಿಗೆ ನಷ್ಟ, ಸುತ್ತೋಲೆ ಪಾಲಿಸಿದರೆ ಮಕ್ಕಳಿಗೆ ನಷ್ಟ. ನಾವು ಸುತ್ತೋಲೆ ಪಾಲಿಸಿದೆವು.

ಆ ತಾಯಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅರ್ಧ ದಿನ ರಜೆ ಹಾಕಿದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಮಗಳಿಗೆ ಒಂಬತ್ತು ತಿಂಗಳು ತುಂಬಿದ ವಾರವೇ ಕರೆತಂದಳು. ತೊಡೆಯಲ್ಲಿ ಮೂರು ಮಡಿಕೆ ಬೀಳುವಷ್ಟು ದುಂಡಗಿದ್ದ ಕೂಸನ್ನು ನರ್ಸಮ್ಮ ಆಗಲೇ ಗುಂಡಮ್ಮ ಎಂದು ಕರೆದರು, ಅದೇ ಹೆಸರು ನಿಂತಿತು. ಯಾರು ಬಾಗಿಲು ತಳ್ಳಿದರೂ ಸಾಕು, ಆ ಸದ್ದಿಗೆ ಗುಂಡಮ್ಮ ತಿರುಗಿ ನೋಡಿ ನಗುತ್ತಿತ್ತು. ಆ ಬುಧವಾರ ಐದೇ ಮಕ್ಕಳು ಬಂದಿದ್ದವು. ಮುಂದಿನ ವಾರ ಬನ್ನಿ ಎಂದೆ. ಬಂದಳು. ಆ ದಿನ ಏಳು ಮಕ್ಕಳಿದ್ದವು.

ಏಳು, ಮಾನ್ಯರೇ! ನರ್ಸಮ್ಮ ಸೀಸೆಯನ್ನು ಕೈಯಲ್ಲೇ ಹಿಡಿದಿದ್ದರು. “ಡಾಕ್ಟ್ರೇ, ಒಂದಕ್ಕೋಸ್ಕರ ಯಾಕೆ ನೋಡ್ತೀರಾ? ತೆಗೆದುಬಿಡ್ತೀನಿ,” ಎಂದರು. ಡಾಕ್ಟರು ಕೆಟ್ಟವರಲ್ಲ. ಆದರೆ ಹಿಂದಿನ ತಿಂಗಳು ತಲಾ ಆರು ಮಕ್ಕಳಿಗೆಂದು ತೆರೆದ ಎರಡು ಸೀಸೆಯ ಹಣ ನೀವು ಕೊಟ್ಟಿರಲಿಲ್ಲ. ನರ್ಸಮ್ಮನ ಸಂಬಳ ಕೊಡಲು ಅವರು ಸಾಲ ಮಾಡಿದ್ದರು. “ಇನ್ನೊಂದು ಮಗು ಬರಲಿ ತಡೀರಿ, ಬಂದೇ ಬರುತ್ತೆ,” ಎಂದರು.

ಈ ಮಾತು ಬೆಂಚಿನವರೆಗೂ ಕೇಳಿತು. ಇಸ್ತ್ರಿಯವಳು ಎದ್ದು ನನ್ನ ಮೇಜಿನ ಹತ್ತಿರ ಬಂದಳು. “ಅಕ್ಕಾ, ಒಂದೇ ಮಗು ತಾನೇ ಕಮ್ಮಿ? ನಾನೇ ಹುಡುಕ್ಕೊಂಡು ಬರ್ಲಾ?” ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಗುಂಡಮ್ಮನನ್ನು ಸೊಂಟಕ್ಕೇರಿಸಿಕೊಂಡು ಬಿಸಿಲಿಗೆ ಹೊರಟಳು. ಎದುರಿನ ಮೂರು ಮಹಡಿ ಕಟ್ಟಡದ ಬಾಗಿಲು ಬಾಗಿಲು ತಟ್ಟಿದಳು, ಗ್ಯಾರೇಜಿನವನನ್ನು ಕೇಳಿದಳು, ಹೊಲಿಗೆ ಅಂಗಡಿಯವಳನ್ನು ಕೇಳಿದಳು. ಮುಕ್ಕಾಲು ಗಂಟೆಯಾದ ಮೇಲೆ ಬೆವರು ಸುರಿಸುತ್ತಾ ಒಬ್ಬ ಹುಡುಗನ ಕೈ ಹಿಡಿದು ತಂದಳು. ಅವನಿಗೆ ನಾಲ್ಕು ವರ್ಷ. ಎರಡೂ ಸಲದ ಲಸಿಕೆ ಎಂದೋ ಆಗಿತ್ತು, ಅದರ ಬಿಲ್ ಮಾಡಿದವಳೂ ನಾನೇ. “ಇವನಿಗೆ ಇನ್ನೊಂದ್ಸಲ ಹಾಕಿದ್ರೆ ಏನಾದ್ರೂ ಆಗುತ್ತಾ?” ಎಂದು ಅವಳು ಕೇಳಿದಳು. ಎರಡೂ ಸಲ ಹಾಕಿಸಿಕೊಂಡವನು ನಿಮ್ಮ ಲೆಕ್ಕದಲ್ಲಿ ಎಂಟನೆಯವನಾಗುವುದಿಲ್ಲ. ಸೀಸೆ ಮತ್ತೆ ಫ್ರಿಜ್ಜು ಸೇರಿತು. ಮೂರನೆಯ ಬುಧವಾರವೂ ಅವಳು ಬಂದಳು, ಅಂದು ನಾಲ್ಕೇ ಮಕ್ಕಳು. ಬೇರೆ ಕಡೆ ಹೋಗಬಹುದಿತ್ತಲ್ಲ ಎನ್ನಬೇಡಿ. ಮಗುವಿನ ಹೆಸರು ನೋಂದಾಯಿಸಿದ ಕ್ಲಿನಿಕ್ಕಿನಲ್ಲೇ ಹಾಕಿಸಿದರೆ ಮಾತ್ರ ಹಣ ಕೊಡುತ್ತೇವೆ ಎಂದವರೂ ನೀವೇ.

ಈಗ ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ಲಸಿಕೆ ತಪ್ಪಿದ ಪ್ರತಿ ಮಗುವಿಗೂ ಸಂಜೆಯೊಳಗೆ ಕಂಪ್ಯೂಟರಿನಲ್ಲಿ ಒಂದು ಕಾರಣ ಒತ್ತಬೇಕು, ಇಲ್ಲದಿದ್ದರೆ ಆ ದಿನದ ಬಿಲ್ಲುಗಳೇ ಮುಂದೆ ಹೋಗುವುದಿಲ್ಲ. ನೀವು ಕೊಟ್ಟಿರುವ ಕಾರಣಗಳು ನಾಲ್ಕು. ‘ಮಗುವಿಗೆ ಅನಾರೋಗ್ಯ’ ಎಂದರೆ ಡಾಕ್ಟರ ಪತ್ರ ಬೇಕು. ‘ಪೋಷಕರ ನಿರಾಕರಣೆ’ಗೆ ಪೋಷಕರ ಸಹಿ ಬೇಕು. ‘ದಾಸ್ತಾನು ಕೊರತೆ’ ಒತ್ತಿದರೆ ತನಿಖೆಗೆ ಬರುತ್ತೀರಿ, ಬಂದು ಹೋಗುವ ತನಕ ಮೂರು ತಿಂಗಳ ಹಣ ತಡೆಹಿಡಿಯುತ್ತೀರಿ. ನಾಲ್ಕನೆಯದು ‘ಪೋಷಕರ ನಿರ್ಲಕ್ಷ್ಯ’. ಅದಕ್ಕೆ ಪತ್ರ ಬೇಡ, ಸಹಿ ಬೇಡ, ಸಾಕ್ಷಿ ಬೇಡ. ತಾಯಿಯ ತಲೆಯ ಮೇಲೆ ಗೂಬೆ ಕೂರಿಸಲು ಒಂದು ಬೆರಳು ಸಾಕು. ‘ಎಂಟು ಮಕ್ಕಳು ಸೇರಲಿಲ್ಲ’ ಎಂಬ ಐದನೆಯ ಕಾರಣ ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಅದಿದ್ದರೆ ತಪ್ಪು ನಿಮ್ಮ ಕಚೇರಿಯ ಲೆಕ್ಕಕ್ಕೆ ಬರುತ್ತಿತ್ತು. ನಮ್ಮಲ್ಲಿ ಎಲ್ಲರೂ ನಾಲ್ಕನೆಯದನ್ನೇ ಒತ್ತುವುದು ರೂಢಿ. ಅದು ಯಾರೂ ಓದದ ಕಾಲಂ ಎಂದುಕೊಂಡಿದ್ದೆವು. ಬಿಸಿಲಲ್ಲಿ ಎಂಟನೆಯ ಮಗುವನ್ನು ಹುಡುಕಿ ಬಂದವಳ ಹೆಸರಿನ ಮುಂದೆಯೂ ಅಂದು ಸಂಜೆ ನಾನು ಅದನ್ನೇ ಒತ್ತಿದೆ, ಬ್ಯಾಗು ತೆಗೆದುಕೊಂಡು ಮನೆಗೆ ಹೋದೆ.

ಆ ಸೀಸೆ ತಿಂಗಳ ಕೊನೆಗೆ ಅವಧಿ ಮೀರಿತು. ಹತ್ತು ಮಕ್ಕಳ ಮದ್ದನ್ನು ಹಾಗೆಯೇ ಎಸೆದೆವು, ನೀವು ಪೂರ್ತಿ ಹಣ ಕೊಟ್ಟಿರಿ. ‘ಪೋಲು: ಸೊನ್ನೆ’ ಎಂದು ನಮಗೊಂದು ಮೆಚ್ಚುಗೆ ಪತ್ರವೂ ಬಂತು. ಅದು ಬಂದ ವಾರವೇ ಬಡಾವಣೆಯಲ್ಲಿ ದಡಾರ ಕಾಣಿಸಿಕೊಂಡಿತು. ಗುಂಡಮ್ಮನಿಗೂ ಬಂತು. ಜ್ವರ ಮೆದುಳಿಗೇರಿ ಮಗು ಹದಿನೇಳು ದಿನ ಆಸ್ಪತ್ರೆಯಲ್ಲಿತ್ತು. ಬದುಕಿತು. ಈಗ ಬಾಗಿಲ ಸದ್ದಿಗೆ ತಿರುಗುವುದಿಲ್ಲ, ಕೂತಲ್ಲಿಂದ ಏಳುವಾಗ ಬಲಗಾಲು ಎಳೆಯುತ್ತದೆ. ತೊಡೆಯ ಮಡಿಕೆಗಳೂ ಇಳಿದುಹೋಗಿವೆ. ಕಿವಿಯ ಡಾಕ್ಟರು ಯಂತ್ರ ಹಾಕಬಹುದು ಎಂದಿದ್ದಾರೆ. ತಡವಾದಷ್ಟೂ ಮಗುವಿಗೆ ಮಾತು ಕಲಿಸುವುದು ಕಷ್ಟ ಎಂದೂ ಹೇಳಿದ್ದಾರೆ. ಅದಕ್ಕೇ ತಾಯಿ ನಿಮಗೆ ಅರ್ಜಿ ಹಾಕಿದ್ದು.

ನಿಮ್ಮ ತಿರಸ್ಕಾರದ ಪತ್ರ ಹಿಡಿದು ಅವಳು ನೇರ ನನ್ನ ಬಳಿಗೇ ಬಂದಳು. “ಅಕ್ಕಾ, ನೀವು ಚೆನ್ನಾಗಿ ಬರೀತೀರಾ, ಒಂದು ಮೇಲ್ಮನವಿ ಬರ್ಕೊಡಿ. ನಾನು ಬಂದೇ ಇಲ್ಲ ಅಂತ ಯಾರೋ ಬರ್ದಿದಾರೆ. ನೀವೇ ನೋಡಿದೀರಲ್ಲ, ಎಷ್ಟು ಸಲ ಬಂದಿದ್ದೆ.” ಸುಮ್ಮನಿದ್ದುಬಿಡಬಹುದಿತ್ತು, ಅದಕ್ಕೂ ಮನಸ್ಸಾಯಿತು, ಸುಳ್ಳೇಕೆ ಹೇಳಲಿ. ಆದರೆ ಬಾಯಿ ಹೇಳಿಯೇಬಿಟ್ಟಿತು, “ನಾನೇ ಒತ್ತಿದ್ದು ಕಣಮ್ಮಾ.”

ಅವಳು ನನ್ನ ಕೈಗೆ ಕೊಟ್ಟಿದ್ದ ಪತ್ರದ ಆ ಎರಡು ಪದಗಳ ಮೇಲೆ ಬೆರಳಿಟ್ಟಳು. “ಮೂರ್ ಸಲಾನೂ?”

“ಮೂರು ಸಲಾನೂ.”

“ನಾನು ಆ ಹುಡುಗನ್ನ ಕರ್ಕೊಂಡು ಬಂದಿದ್ನಲ್ಲ, ಆವತ್ತೂ?”

ತಲೆಯಾಡಿಸಿದೆ. ಅವಳು ಪತ್ರವನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡು ಮಗುವನ್ನೆತ್ತಿ ಹೋದಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ.

ನಮೂದು ತಿದ್ದಿ ಎಂದು ನಾನು ನಿಮಗೆ ಮೂರು ಪತ್ರ ಬರೆದೆ. ಹಣ ಪಾವತಿಯಾದ ಮೇಲೆ ನಮೂದು ಬದಲಿಸಲು ಅವಕಾಶವಿಲ್ಲ ಎಂದಿರಿ. ಸುಳ್ಳಿಗೆ ಹಣ ಸಂದಾಯವಾದರೆ ಅದು ನಿಜವಾಗಿಬಿಡುತ್ತದೆಯೇ? ಮತ್ತೂ ಒತ್ತಾಯಿಸಿದರೆ ಸುಳ್ಳು ನಮೂದಿಗಾಗಿ ಕ್ಲಿನಿಕ್ಕಿನಿಂದ ಹಣ ವಸೂಲಿ ಮಾಡುವುದಾಗಿ ಹೆದರಿಸಿದಿರಿ. ಡಾಕ್ಟರು ನನ್ನೆದುರು ಕೈಮುಗಿದು, “ದಯವಿಟ್ಟು ಇಲ್ಲಿಗೇ ಬಿಟ್ಟುಬಿಡಿ, ಕ್ಲಿನಿಕ್ಕೇ ಮುಚ್ಚಬೇಕಾಗುತ್ತೆ,” ಎಂದರು. ಅವರಿಗೆ ತೊಂದರೆಯಾಗದಿರಲೆಂದು ನಿನ್ನೆ ಕೆಲಸ ಬಿಟ್ಟಿದ್ದೇನೆ. ನಾನೇನು ತ್ಯಾಗಮೂರ್ತಿಯಲ್ಲ. ಆ ಮೇಜಿನ ಮುಂದೆ ಕೂರಲು ನನ್ನಿಂದ ಇನ್ನು ಆಗುವುದಿಲ್ಲ, ಅಷ್ಟೇ.

ನನ್ನ ಒತ್ತಾಯ ಇದು. ಮಗುವಿನ ದಾಖಲೆಯಿಂದ ಆ ಎರಡು ಪದಗಳನ್ನು ಅಳಿಸಿ, ತಾಯಿ ಮೂರು ಸಲವೂ ಬಂದಿದ್ದಳು, ಸೀಸೆ ತೆರೆಯಲಿಲ್ಲ ಎಂದು ಬರೆಯಿರಿ. ಈ ತಿಂಗಳೊಳಗೆ ಯಂತ್ರಕ್ಕೆ ಹಣ ಮಂಜೂರು ಮಾಡಿ. ಒಂದು ಮಗು ಬಂದರೂ ಸೀಸೆ ತೆರೆಯುವಂತೆ ಸುತ್ತೋಲೆ ಹಿಂಪಡೆಯಿರಿ. ತಪ್ಪಿತಸ್ಥರೊಬ್ಬರು ಬೇಕೇ ಬೇಕು ಎಂದರೆ ನನ್ನ ಮೇಲೆ ಕೇಸು ಹಾಕಿ, ತಪ್ಪಿಸಿಕೊಳ್ಳುವುದಿಲ್ಲ.

ನೆರವು ಬಿಡಿ, ಅವಳು ಈಗ ಬೇರೆಯೇ ಒಂದನ್ನು ಕೇಳುತ್ತಿದ್ದಾಳೆ. ಮೊನ್ನೆ ನರ್ಸಮ್ಮನ ಬಳಿ ಹೇಳಿ ಕಳಿಸಿದಳು: “ದುಡ್ಡು ಕೊಡದಿದ್ರೂ ಹೋಗ್ಲಿ, ಆ ಮಾತು ಅಳಿಸೋಕೆ ಹೇಳಿ. ನನ್ನ ಮಗಳಿಗೆ ನಾನು ಬಾಯಲ್ಲಿ ಹೇಳಿದ್ರೆ ಕೇಳ್ಸಲ್ಲ. ನಾಳೆ ದೊಡ್ಡೋಳಾಗಿ ಆ ಕಾಗದ ಓದ್ತಾಳೆ, ಅದನ್ನೇ ನಂಬ್ತಾಳೆ.”

ಇಂತಿ,
ಆ ಕಾಗದ ಬರೆದ ಬೆರಳಿನವಳು