ಸೀಟಿನ ಕೆಳಗೆ ಕೊರೆಸಬೇಕಾದ ಸಂಖ್ಯೆ

ಗಾಳಿ ಶಕೆ ೧೪೧, ಎರಡನೇ ಅಧಿಕ ಮಾಸ, ಸೋಮವಾರ
ಹೂಗಾರರ ಉರುಳೆಮನೆ, ಗದಗ

ವಚನಾ ಹೂಗಾರ ಅವರಿಗೆ, ನಿಮ್ಮಿಂದ ಆರನೇ ತಲೆಮಾರಿನ ಸಾವಂತ್ರೆವ್ವ ಬರೆಯುವುದು.

ಒಂದು ವರ್ಷದಲ್ಲಿ ಎರಡು ಅಧಿಕ ಮಾಸ ಬರುವುದಿಲ್ಲವೆಂದು ನೀವು ಹೇಳುವಿರಿ. ನಿಮ್ಮ ಕಾಲದಲ್ಲಿ ಬರುತ್ತಿರಲಿಲ್ಲ. ಮಳೆ ತನ್ನ ನಕ್ಷತ್ರಗಳನ್ನು ಬಿಟ್ಟು ಸರಿದ ಮೇಲೆ ಪಂಚಾಂಗದವರು ಅದರ ಹಿಂದೆ ಓಡುತ್ತಾ ತಿಂಗಳುಗಳನ್ನು ಸೇರಿಸುತ್ತಾ ಹೋದರು. ನಾನು ಹತ್ತನೇ ಇಯತ್ತೆಯವರೆಗೆ ಓದಿದವಳು. ನಿಮ್ಮ ಕಾಲದ ಕನ್ನಡ ನನ್ನ ಕೈಗೆ ಸರಿಯಾಗಿ ಬಾರದು, ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಕ್ಷಮೆ ಇರಲಿ. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ, ಮತ್ತೊಮ್ಮೆ ಕೇಳುವುದೂ ಇಲ್ಲ.

ಇದು ಹಿನ್ನೋಲೆ. ಕಾಲದ ಹಿಂದಕ್ಕೆ ಹೋಗುವ ಓಲೆಗೆ ನಾವು ಹಾಗೆನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ನನ್ನ ತಂಗಿ ಶಿವಲೀಲಾ ತನ್ನದನ್ನು ಮುತ್ತಜ್ಜಿಗೆ ಬರೆದು, ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹಾಕುತ್ತಿದ್ದಿರಿ ಎಂದು ಕೇಳಿ ಮುಗಿಸಿಬಿಟ್ಟಳು. ನಾನು ನನ್ನದನ್ನು ಇಂದಿನವರೆಗೆ ಹಿಡಿದಿಟ್ಟಿದ್ದೆ. ಇದಕ್ಕೆ ಒಂದು ಕಟ್ಟಳೆಯಿದೆ. ಯಾರಾದರೂ ಕಣ್ಣಾರೆ ಕಂಡದ್ದನ್ನು ಹಿನ್ನೋಲೆ ಬದಲಿಸಲಾರದು. ಇಂದಿನವರೆಗೆ ಯಾರೂ ನೋಡದ ಜಾಗದಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಅಂಥದೊಂದು ಜಾಗ ನಮ್ಮ ಮನೆಯಲ್ಲಿದೆ. ಅದಕ್ಕೇ ಈ ಪತ್ರ.

ಜರ್ಬೆರಾ ಹೂವಿನ ವ್ಯಾಪಾರ ಕೈಹಿಡಿದ ವರ್ಷ ನೀವು ಕೊಂಡ ಹಳದಿ ಬಣ್ಣದ, ಎರಡೇ ಸೀಟಿನ ಆ ಕಾರು ಇನ್ನೂ ನಮ್ಮಲ್ಲಿದೆ. ಹೊಸ ಸೈಲೆನ್ಸರ್, ಹೊಸ ಚಿಪ್ ಎಂದು ನೀವು ಅದಕ್ಕೆ ಏನೇನೋ ಹಾಕಿಸಿದಿರಿ. ಆದರೆ ಬಿಚ್ಚಿದ ಮೂಲ ಭಾಗಗಳನ್ನೆಲ್ಲ ಟ್ರಂಕಿನಲ್ಲಿ ತೆಗೆದಿಟ್ಟಿರಿ. ಅದು ಜಾಣತನ. ನನ್ನ ತಾಯಿ ಅವನ್ನೆಲ್ಲ ಮರಳಿ ಜೋಡಿಸಿ, ಕಾರನ್ನು ಹುಟ್ಟಿದಂತೆ ಮಾಡಿಟ್ಟಳು. ಈಗ ಅದನ್ನು ವರ್ಷಕ್ಕೊಮ್ಮೆ, ಸದ್ದಿನ ದಿನ, ಹೊರಗೆ ತರುತ್ತೇವೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಬೀದಿಗಳಲ್ಲಿ ಸದ್ದಿಲ್ಲ. ಬಂಡಿಗಳೆಲ್ಲ ಕಪ್ಪತಗುಡ್ಡದ ಗಾಳಿಯಂತ್ರಗಳ ಬಲದಲ್ಲಿ ಬೆಕ್ಕಿನಂತೆ ಸರಿದುಹೋಗುತ್ತವೆ. ಆ ಒಂದು ದಿನ ಊರೆಲ್ಲ ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತದೆ. ಹಾಲುಗಲ್ಲದ ಮಕ್ಕಳು ಕಿವಿ ಮುಚ್ಚಿಕೊಂಡು ಕಣ್ಣು ಬಿಡುತ್ತವೆ. ಮುದುಕರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಅದರ ನಡುಕವನ್ನು ಮೈಗೆ ಹತ್ತಿಸಿಕೊಳ್ಳುತ್ತಾರೆ. ಗದಗ ಜಿಲ್ಲೆಯಲ್ಲಿ ಉಸಿರಾಡುವ ಇಂಜಿನ್ ಇದೊಂದೇ.

ಅದನ್ನು ಮಂಗಳವಾರ, ಅಂದರೆ ನಾಳೆ, ಬಿಚ್ಚಿ ಹಂಚುತ್ತಾರೆ.

ಕಾರಣ ಕೇಳಿ. ಕಲ್ಲೆಣ್ಣೆ, ನೀವು ಪೆಟ್ರೋಲ್ ಎನ್ನುತ್ತಿದ್ದುದು, ಈ ವರ್ಷಕ್ಕೆ ಮುಗಿಯಿತು. ನನ್ನ ಮೊಮ್ಮಗಳು ದಾಕ್ಷಾಯಣಿ ಈ ಇಂಜಿನ್ನನ್ನು ಹೊಂಗೆಬೀಜದಿಂದ ಹಿಂಡಿದ ಹೊಂಗೆರಸಕ್ಕೆ ಒಗ್ಗಿಸಬೇಕೆಂದು ಕೆಲಸ ಕಲಿತು ಕಾದು ಕೂತಿದ್ದಾಳೆ. ಆದರೆ ಯಂತ್ರ ಸಮಿತಿಯ ಅಪ್ಪಣೆಯಿಲ್ಲದೆ ಹಳೆಯ ಇಂಜಿನ್ನಿಗೆ ಒಂದು ಬೋಲ್ಟನ್ನೂ ಹೊಸದಾಗಿ ಸೇರಿಸುವಂತಿಲ್ಲ. ಬದಲಾವಣೆಗೆ ಮೊದಲು ಅದರ ಈಗಿನ ಬಲವನ್ನು ಉರುಳೆಯ ಮೇಲೆ ಅಳೆಯಬೇಕು. ಹೊಸದಿದ್ದಾಗಿನ ಹುಟ್ಟುಬಲದ ಹತ್ತರಲ್ಲಿ ಒಂಬತ್ತು ಪಾಲು ಉಳಿದಿದ್ದರೆ ಅದು ಬದುಕುವ ಯಂತ್ರ. ಕಡಿಮೆಯಾದರೆ ಸತ್ತದ್ದೆಂದು ಬರೆದು, ಲೋಹವನ್ನು ಊರಿಗೆಲ್ಲ ಹಂಚುತ್ತಾರೆ. ಉರುಳೆಯೆಂದರೆ ನಿಮ್ಮ ಡೈನೊ. ಹಿಂದಿನ ಚಕ್ರಗಳನ್ನು ಉಕ್ಕಿನ ಉರುಳೆಗಳ ಮೇಲೆ ನಿಲ್ಲಿಸಿ, ಕಾರನ್ನು ನಾಲ್ಕೂ ಕಡೆ ಪಟ್ಟಿಯಿಂದ ನೆಲಕ್ಕೆ ಬಿಗಿದು, ನಿಂತಲ್ಲೇ ಓಡಿಸುವುದು. ಮೇಲ್ಮಿತಿಯವರೆಗೆ ಒಮ್ಮೆ ಓಡಿಸಿದರೆ ಒಂದು ಎಳೆತ, ಅಳತೆಗೆ ಮೂರು ಎಳೆತ ಬೇಕು. ಎರಡು ತಲೆಮಾರಿನಿಂದ ಅದು ನಮ್ಮ ಮನೆಯ ಉದ್ಯೋಗ. ಪರರ ಸದ್ದಿಲ್ಲದ ಬಂಡಿಗಳನ್ನೆಲ್ಲ ಅಳೆದ ಉರುಳೆಯ ಮೇಲೆ ನಿನ್ನೆ ನಮ್ಮದನ್ನೇ ಹತ್ತಿಸಿದೆವು.

ಸಮಿತಿಯ ಯಮನೂರಪ್ಪ ಬಾಗಿಲಲ್ಲಿ ನಿಂತಿದ್ದ. ದಾಕ್ಷಿ ಒಳಗೆ ಕೂತಳು. ಇಂಜಿನ್ನಿನ ಎಣ್ಣೆ ಬಿಸಿಯಾಗುವವರೆಗೆ ಕಾದೆವು. ಮೊದಲ ಎಳೆತ ಸರಿಯಾಗಿ ಹೋಯಿತು. ಎರಡನೆಯದರಲ್ಲಿ ಉರುಳೆಯ ಬಲದ ಮುಳ್ಳು ಏರುತ್ತಾ ಏರುತ್ತಾ ಒಂದು ಕಡೆ ಬಂದು ನಿಂತಿತು, ಮೊದಲ ಸಲ ನಿಂತಲ್ಲೇ. ಮೂರನೆಯದರಲ್ಲಿ ಎಡಗಡೆಯ ಹಿಂದಿನ ಪಟ್ಟಿಯ ಎಳೆಗಳು ಒಂದೊಂದಾಗಿ ಹರಿಯುವುದನ್ನು ನಾನು ಕಂಡೆ. ಇಂಜಿನ್ ತನ್ನ ಮೇಲ್ಮಿತಿಗೆ ಕೂಗುತ್ತಿತ್ತು. ನಿಲ್ಲಿಸೆಂದು ಕೈ ಎತ್ತಿದರೆ ಆ ಎಳೆತ ಲೆಕ್ಕಕ್ಕಿಲ್ಲ, ಮತ್ತೊಂದಕ್ಕೆ ಕಲ್ಲೆಣ್ಣೆಯಿಲ್ಲ. ಪಟ್ಟಿ ಹರಿದರೆ ಕಾರು ಎದುರಿನ ಗೋಡೆಗೆ, ಒಳಗೆ ನನ್ನ ಮೊಮ್ಮಗಳು. ನಾನು ಕೈ ಎತ್ತಿದೆ. ಅವಳು ನನ್ನ ಕೈಯನ್ನು ನೋಡಿದಳು, ನೋಡಿಯೂ ಕಾಲು ತೆಗೆಯಲಿಲ್ಲ. ಮುಳ್ಳು ತುದಿ ಮುಟ್ಟಿ ಇಳಿಯಿತು. ಪಟ್ಟಿ ಎರಡು ಎಳೆಗಳಲ್ಲಿ ನಿಂತಿತ್ತು. ಇಳಿದು ಬಂದವಳಿಗೆ ನಾನು ಎಲ್ಲರೆದುರು, "ಕಣ್ಣು ಕಾಣ್ಸೂದಿಲ್ಲೇನ ನಿನಗ?" ಎಂದೆ. "ಕಾಣಸ್ತಾವ ಅಜ್ಜಿ. ನಿಮ್ಮ ಕೈ ಕಾಣಿಸ್ತು, ಕಲ್ಲೆಣ್ಣಿ ಮುಳ್ಳೂ ಕಾಣಿಸ್ತು" ಎಂದಳು. ಯಾರ ರಕ್ತವೆಂದು ನಾನು ಕೇಳಬೇಕಾಗಿಲ್ಲ.

ಮೂರು ಎಳೆತಕ್ಕೂ ಒಂದೇ ಸಂಖ್ಯೆ ಬಂತು: ಇನ್ನೂರ ಐವತ್ತೆರಡು ಅಶ್ವಬಲ. ನಿಮ್ಮ ಕಾಲದ ಕಂಪನಿಯವರು ಸಾರಿದ್ದು ಮುನ್ನೂರು. ಯಮನೂರಪ್ಪ ತಲೆ ಅಲ್ಲಾಡಿಸಿ, "ಅವ್ವಾರ, ನಿಮ್ಮ ಗಾಡಿ ಒದರೂದು ಜೋರ್ ಒದರ್ತೈತಿ, ಎಳ್ಯೂದು ಎಳ್ಯಾಂಗಿಲ್ಲ. ನಿಮ್ಮ ಹಿರ್ಯಾರು ಏನೇನರ ತಿದ್ದಾಕ ಹೋಗಿ ಕೆಡಿಸ್ಯಾರ" ಎಂದ. ಅವನಿಗೆ ತಿಳಿಯದೆ ಇಲ್ಲ. ಕಂಪನಿಯವರು ಹೇಳುವುದು ಇಂಜಿನ್ನಿನ ಬಾಯಲ್ಲಿರುವ ಬಲ. ಅದು ಗೇರು, ಅಚ್ಚು, ಟೈರುಗಳನ್ನು ದಾಟಿ ಚಕ್ರಕ್ಕೆ ಬರುವಷ್ಟರಲ್ಲಿ ದಾರಿಯಲ್ಲೇ ಒಂದು ಪಾಲು ಕರಗುತ್ತದೆ. ಉರುಳೆ ಕಾಣುವುದು ಚಕ್ರವನ್ನು ಮಾತ್ರ. ಹೊಸದಿದ್ದಾಗಲೂ ಈ ಕಾರು ಚಕ್ರದಲ್ಲಿ ಇಷ್ಟನ್ನೇ ಕೊಡುತ್ತಿತ್ತೆಂದು ನಾನು ಪಣ ಕಟ್ಟುತ್ತೇನೆ. ಆದರೆ ಎಷ್ಟು ಕರಗುತ್ತಿತ್ತೆಂದು ಈ ಕಾರಿನ ಬಾಯಿಂದಲೇ ಹೇಳಿಸಬೇಕು, ಬೇರೆ ಕಾರಿನ ಲೆಕ್ಕ ಸಮಿತಿಗೆ ನಡೆಯದು. ನಾನು ಅವನಿಗೆ ಹೇಳಿದೆ: "ಯಮನೂರ್ಯಾ, ನೀ ಹುಟ್ಟಿದಾಗ ಎಷ್ಟು ತೂಗಿದ್ದಿ ಅಂತ ಯಾರರ ಬರದಿಟ್ಟಾರೇನು? ಇಲ್ಲಲಾ. ಮತ್ತ ಈಗ ಸವದಿ ಅಂತ ನಿನ್ನ ಬಿಚ್ಚಿ ಹಂಚೂಣೇನು?" ಅವನು ನಕ್ಕ. ನಕ್ಕವನು ಕಟ್ಟಳೆ ಬಿಡಲಿಲ್ಲ. "ಹುಟ್ಟುಬಲದ ಗುರುತು ತೋರಿಸ್ರಿ, ಮಂಗಳಾರ ಮಧ್ಯಾಹ್ನದ ಮಟ ಕಾಯ್ತೀನಿ" ಎಂದು ಹೋದ.

ಈಗ ನಿಮ್ಮ ತಾಯಿಯ ವಿಷಯಕ್ಕೆ ಬರುತ್ತೇನೆ. ಹೊಸ ಕಾರು ಬಂದ ದಿನ ಅವರು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಕರಿ ಬಟ್ಟೆಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಕಟ್ಟಿ, ಆ ಗಂಟನ್ನು ಓಡಿಸುವವರ ಸೀಟಿನ ಕೆಳಗೆ ಇಡಲು ಹೇಳಿದರು. ಕಾರಿನ ಬಲ ಅಳೆಸುವ ಮಾತು ನೀವು ತೆಗೆದಾಗ, "ಎಳೆ ಕೂಸಿನ ಮೈ ಅಳೀಬಾರ್ದವಾ, ದೃಷ್ಟಿ ಆಕ್ಕೈತಿ" ಎಂದು ತಡೆದರು. ಇಷ್ಟು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ನೀವು ತಾಯಿಯ ಮಾತು ಕೇಳಿದಿರಿ, ಅಳೆಯದೆ ನೇರವಾಗಿ ಬದಲಾವಣೆಗೆ ಕೈ ಹಾಕಿದಿರಿ ಎಂದೂ ಎಲ್ಲರೂ ಹೇಳುತ್ತಾರೆ. ಹೇಳುವವರಿದ್ದಾರೆ, ಕಂಡವರು ಒಬ್ಬರೂ ಇಲ್ಲ. ಆ ಗಂಟನ್ನು ಬಿಚ್ಚಬಾರದೆಂಬ ಹೆದರಿಕೆಯಿಂದ ಆರು ತಲೆಮಾರಿನಲ್ಲಿ ಯಾರೂ ಆ ಸೀಟನ್ನು ಎತ್ತಿಲ್ಲ. ನನ್ನ ತಾಯಿ ಇಡೀ ಕಾರನ್ನು ಬಿಚ್ಚಿ ಜೋಡಿಸಿದವಳು, ಆ ಸೀಟನ್ನು ಮಾತ್ರ ಮುಟ್ಟಲಿಲ್ಲ. ಅದರ ಕೆಳಗೆ ಗಂಟಿನ ಜೊತೆ ಮತ್ತೇನಿದೆಯೋ ಯಾರಿಗೂ ಗೊತ್ತಿಲ್ಲ. ಇಂದು ಬೆಳಿಗ್ಗೆ ದಾಕ್ಷಿ ಸ್ಪ್ಯಾನರ್ ಹಿಡಿದು ಬಂದಳು. ಈ ಪತ್ರ ಹೋಗುವವರೆಗೆ ಮುಟ್ಟಕೂಡದೆಂದು ಕೈಯಿಂದ ಕಸಿದುಕೊಂಡೆ. ನೋಡಿಬಿಟ್ಟರೆ ಮುಗಿಯಿತು.

ಆದ್ದರಿಂದ ನಾನು ಹೇಳಿದಂತೆ ಮಾಡಿರಿ. ಸೈಲೆನ್ಸರಿಗೆ, ಚಿಪ್ಪಿಗೆ, ಗಾಳಿಜಾಲರಿಗೆ ಕೈ ಹಚ್ಚುವ ಮೊದಲು ಕಾರನ್ನು ಬಂದ ಸ್ಥಿತಿಯಲ್ಲೇ ಡೈನೊ ಮೇಲೆ ಹತ್ತಿಸಿರಿ. ಹತ್ತಿರದಲ್ಲಿ ಇಲ್ಲದಿದ್ದರೆ ಪುಣೆಗೋ ಬೆಂಗಳೂರಿಗೋ ಹೋಗಿರಿ. ಟೈರಿನ ಗಾಳಿ ಸರಿಯಿರಲಿ, ಎಣ್ಣೆ ಬಿಸಿಯಾಗಿರಲಿ. ಒಂದೇ ಗೇರಿನಲ್ಲಿ ಮೂರು ಸಲ ಎಳೆಸಿರಿ. ಪಟ್ಟಿಗಳನ್ನು ನೀವೇ ಮುಟ್ಟಿ ನೋಡಿರಿ, ಅಲ್ಲಿಯವರ ಮಾತು ನಂಬಬೇಡಿರಿ. ಕಳೆದುಹೋದ ಬಲವನ್ನು ಅಂದಾಜಿನಲ್ಲಿ ಕೂಡಿಸಿ ದೊಡ್ಡ ಸಂಖ್ಯೆ ತೋರಿಸಲು ಬಂದರೆ ಬೇಡವೆನ್ನಿರಿ. ನನಗೆ ಚಕ್ರದ ಸಂಖ್ಯೆ ಬೇಕು. ಅದು ಚಿಕ್ಕದೆಂದು ನಿಮ್ಮ ಗೆಳೆಯರ ಮುಂದೆ ನಾಚಬೇಡಿರಿ. ಆ ಚಿಕ್ಕ ಸಂಖ್ಯೆಯೇ ಇಲ್ಲಿ ಒಂದು ಜೀವ ಉಳಿಸುತ್ತದೆ. ಫೋನಿನಲ್ಲಿ ಇಡಬೇಡಿರಿ, ನೀವು ಫೋನಿನಲ್ಲಿ ಇಟ್ಟದ್ದು ಯಾವುದೂ ನಮ್ಮವರೆಗೆ ಬಂದಿಲ್ಲ. ಸೀಟು ಎತ್ತಿಸಿ, ಕೆಳಗಿನ ಕಬ್ಬಿಣದಲ್ಲಿ ಸಂಖ್ಯೆಯನ್ನೂ ದಿನಾಂಕವನ್ನೂ ಆಳವಾಗಿ ಕೊರೆಸಿರಿ. ಕೊರೆದ ಗೀರಿನ ವಯಸ್ಸನ್ನು ತುಕ್ಕಿನಿಂದ ಓದುವ ಯಂತ್ರ ಯಮನೂರಪ್ಪನ ಬಳಿಯಿದೆ, ಸುಳ್ಳಿಗೆ ಜಾಗವಿಲ್ಲ.

ಆಮೇಲೆ ಆ ಸಂಖ್ಯೆಯ ಮೇಲೆ ನಿಮ್ಮ ತಾಯಿಯ ಗಂಟನ್ನೇ ಇಟ್ಟು ಸೀಟು ಬಿಗಿಸಿರಿ. ಅವರಿಗೆ ಹೇಳಲೇಬೇಕೆಂದಿಲ್ಲ. ಹೇಳಿದರೆ, ದೃಷ್ಟಿಯಾಗುವುದಿದ್ದರೆ ಅದು ಆರನೇ ತಲೆಮಾರಿನ ಸಾವಂತ್ರೆವ್ವನಿಗೆ ಆಗಲಿ, ನನಗೆ ತಡೆದುಕೊಳ್ಳುವ ಮೈಯಿದೆ ಎಂದು ತಿಳಿಸಿರಿ.

ನಾಳೆ ಬೆಳಿಗ್ಗೆ ಬೋಲ್ಟು ಬಿಚ್ಚುವವಳು ದಾಕ್ಷಿ. ಕೈ ಹಾಕುವವಳು ನಾನು. ನೋಡುವ ಮೊದಲು ಬೆರಳಿನಿಂದ ಸವರುತ್ತೇನೆ. ಕಬ್ಬಿಣ ನುಣುಪಾಗಿದ್ದರೆ ನಿಮ್ಮನ್ನು ಬೈಯಲು ನನ್ನಲ್ಲಿ ಇನ್ನೊಂದು ಹಿನ್ನೋಲೆಯಿಲ್ಲ. ಗೀರು ಸಿಕ್ಕರೆ ಅದನ್ನು ಮೊದಲು ಓದುವ ಹಕ್ಕು ನನ್ನ ಮೊಮ್ಮಗಳದು.

ನಿಮ್ಮ ಅಂಗಳದಲ್ಲಿ ಕಾರು ನಿಂತಿದೆ. ಏಳಿರಿ, ಇಂಜಿನ್ ಬಿಸಿ ಮಾಡಿರಿ.

ಸಾವಂತ್ರೆವ್ವ ಹೂಗಾರ