ಮಹಡಿ ಮನೆಯ ಮಾಮನಿಗೆ ನೋಟಿಸ್

ಅಪ್ಪ,

ಇವತ್ತು ಮಹಡಿಯ ವಾಚ್ ರಿಪೇರಿ ಮಾಮನಿಗೆ ಮನೆ ಖಾಲಿ ಮಾಡುವಂತೆ ನೋಟಿಸ್ ಕೊಟ್ಟು ಬಂದೆ. ಬೈಯಬೇಡ. ನೀನು ಹೋದಾಗಿನಿಂದ ಅವರು ಬಾಡಿಗೆ ಕೊಟ್ಟಿಲ್ಲ, ನಾನೂ ಬಾಯಿಬಿಟ್ಟು ಕೇಳಿರಲಿಲ್ಲ. ಈಗ ಮನೆ ಸಾಲಕ್ಕೆ ಬ್ಯಾಂಕಿನವರು ನನ್ನ ಬೆನ್ನು ಹತ್ತಿದ್ದಾರೆ.

"ನೀರು ನಿಲ್ಲಿಸು, ತಾವಾಗೇ ಹೋಗ್ತಾರೆ" ಅಂದರು ನಿನ್ನ ಅಳಿಯ. ವಕೀಲರು ಗದರಿದರು: "ನೀರು, ಬೀಗ ಯಾವುದನ್ನೂ ಮುಟ್ಟಬೇಡಿ. ನೋಟಿಸ್ ಕೊಟ್ಟು ಸಹಿ ಹಾಕಿಸ್ಕೊಳ್ಳಿ, ಗಡುವು ಮುಗಿಯೋವರೆಗೆ ಕಾಯಿರಿ."

ಮಾಮ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯಲ್ಲೇ ನೋಟಿಸನ್ನು ನಿಧಾನವಾಗಿ ಓದಿದರು. ಕೊನೆಯಲ್ಲಿದ್ದ ನನ್ನ ಪೂರ್ತಿ ಹೆಸರಿನ ಮೇಲೆ ಬೆರಳಿಟ್ಟು, "ಇದ್ಯಾರು?" ಎಂದರು.

"ನಾನೇ, ಮಾಮ."

"ನಿಂಗೆ ಇಷ್ಟುದ್ದ ಹೆಸರಿದೆಯಾ?" ಎಂದು ನಕ್ಕು ಸಹಿ ಹಾಕಿದರು. ಆಮೇಲೆ ನನ್ನ ಮುಖ ನೋಡಿ, "ಬಾಡಿಗೆ ಬಾಕಿ ಇಟ್ಟೋನು ನಾನು. ನೀನ್ಯಾಕೆ ತಲೆ ತಗ್ಗಿಸ್ತೀಯ, ಗುಬ್ಬಿ?" ಎಂದರು.

ಸಹಿ ಹಾಕಿದ ಪ್ರತಿಯನ್ನು ಮಡಚಿಕೊಂಡು ಮೆಟ್ಟಿಲಿಳಿದೆ. ನೀನಿಟ್ಟ ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಅವರೊಬ್ಬರೇ, ಅಪ್ಪ. ಅದೂ ನೋಟಿಸಿನ ಪ್ರಕಾರ, ಮುಂದಿನ ತಿಂಗಳ ಕೊನೆಯವರೆಗೆ.