ಖುರಾಕು ಬಿಟ್ಟ ಪೈಲ್ವಾನ

ಅಣ್ಣಾ,

ಕಾಗದ ಬರೆಯುವವರನ್ನು ಕಂಡರೆ ನಿನಗೆ ನಗು. "ಎದುರಿಗೆ ಬಂದು ಹೇಳು ಲೇ" ಎನ್ನುತ್ತಿದ್ದೆ ನೀನು. ಈಗ ಎದುರಿಗೆ ಬರುವ ದಾರಿಯಿಲ್ಲ. ಆದರೆ ಹೇಳದೆ ಇರಲಾಗದ ಸುದ್ದಿಯೊಂದಿದೆ.

ಒಂದು ಸಂಜೆ ನಿನಗೆ ಅನುವಾದದ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದೆ. ಅದರಲ್ಲಿ ಒಬ್ಬ ಮುದುಕ ದುಃಖದಿಂದ ಎದೆಯೊಡೆದು ಸಾಯುತ್ತಾನೆ. ನೀನು ತುಪ್ಪ ಹಾಕಿದ ಹಾಲಿನ ತಂಬಿಗೆ ಕೆಳಗಿಟ್ಟು ಎದೆ ಬಡಿದುಕೊಂಡೆ. "ಇದು ಒಡಿತೈತೇನಲೇ? ಕಲ್ಲ ಐತಿ, ಕಲ್ಲ!" ಆ ಹೊತ್ತಿಗೆ ನೀನು ಗರಡಿ ಬಿಟ್ಟು ಬಹಳ ಕಾಲವಾಗಿತ್ತು. ದಿನವಿಡೀ ಅಡಿಕೆ ಅಂಗಡಿಯ ಗಾದಿಯ ಮೇಲೆ ಕೂತು ಬೀಡಿ ಸೇದುತ್ತಿದ್ದೆ. ಕುಸ್ತಿ ಹೋಗಿತ್ತು, ಖುರಾಕು ಹೋಗಿರಲಿಲ್ಲ. ಹಾಲು, ತುಪ್ಪ, ಬದಾಮಿ, ಎಲ್ಲ ಪೈಲ್ವಾನನ ಅಳತೆಯಲ್ಲೇ. ಕಡಿಮೆ ಬಡಿಸಿದರೆ ನಿನಗೆ ಅವಮಾನವೆಂದು ಮನೆಯವರೆಲ್ಲ ತಿಳಿದಿದ್ದೆವಲ್ಲವೇ?

ಕೊನೆಯ ದಿನ ಮಧ್ಯಾಹ್ನ ನೀನು ಅಂಗಡಿಯಿಂದ ಎದೆ ನೀವಿಕೊಳ್ಳುತ್ತ ಬಂದೆ. "ಗ್ಯಾಸ ತುಂಬೇತಿ, ಸೋಡಾ ಕೊಡ್ರಿ." ಗಂಡ ಕೇಳಿದ್ದೆಂದು ವೈನಿ ಸೋಡಾಕ್ಕೆ ಲಿಂಬೆಹಣ್ಣು ಹಿಂಡಿ ಕೊಟ್ಟರು. ನೀನು ಕುಡಿದು, ಗೋಡೆಗೆ ಒರಗಿ...

ನಿನ್ನನ್ನು ಮಣ್ಣು ಮಾಡಿದ ದಿನ ಸವಣೂರಿನ ಬಾಬುಸಾಬ ಬಂದಿದ್ದ. ಕಣದಲ್ಲಿ ನಿನ್ನೆದುರು ಸೆಣಸುವ ಜೋಡಿ, ಹೊರಗೆ ನಿನ್ನ ಜೀವದ ದೋಸ್ತ. ಅವನದೂ ನಿನ್ನದೇ ಮೈ, ನಿನ್ನದೇ ಬೀಡಿ, ನಿನ್ನದೇ ಖುರಾಕು, ಮೇಲೆ ಮಾಂಸ. ವೀಳ್ಯದೆಲೆ ವ್ಯಾಪಾರದ ಗಾದಿಯ ಮೇಲೆ ಅವನೂ ಕೂತೇ ಇರುತ್ತಿದ್ದ. ಮಗುವಿನಂತೆ ಅಳುತ್ತಿದ್ದ ಅವನ ಎದೆಯನ್ನು ನೋಡಿ, ಅದರೊಳಗೆ ಏನಿದೆಯೋ ಎಂದು ನನಗೆ ಮೊದಲ ಸಲ ಹೆದರಿಕೆಯಾಯಿತು.

ಮರು ವರ್ಷದ ಚಳಿಗಾಲದಲ್ಲಿ ಅವನು ಎಲೆಯ ಕಟ್ಟು ಹಿಡಿದು ನಮ್ಮ ಮನೆಗೆ ಬಂದ. ಮೆಟ್ಟಿಲು ಹತ್ತುವಾಗ ನಡುವೆಯೇ ಕೂತ. ಅಂಥ ಚಳಿಯಲ್ಲೂ ಅಂಗಿ ಬೆವರಿನಿಂದ ತೊಯ್ದಿತ್ತು. ಎಡಗೈ ತಿಕ್ಕಿಕೊಳ್ಳುತ್ತ, "ವೈನಿ, ಗ್ಯಾಸ ಆಗೇತ್ರಿ. ಒಂದು ಸೋಡಾ ಕೊಡ್ರಿ" ಎಂದ.

ವೈನಿಯ ಮುಖ ಬಿಳಿಚಿತು. "ಸೋಡಾ ನಮ್ಮನ್ಯಾಗ ಸಿಗೂದಿಲ್ಲ" ಎಂದವರೇ ನನ್ನ ಕಡೆ ತಿರುಗಿದರು. "ಶಿವಾ, ಜೀಪ ತೊಗೊಂಡ ಬಾ. ಹುಬ್ಬಳ್ಳಿಗೆ ಹೋಗೂದೈತಿ."

"ಜೀಪ ಯಾಕ್ರಿ? ಪೈಲ್ವಾನ ಅದೇನಿ, ಬಸ್ ಸ್ಟ್ಯಾಂಡಿಗೆ ನಡಕೊಂತ ಹೋಗ್ತೇನಿ."

"ಪೈಲ್ವಾನಕಿ ಒಂದ್ಸಲ ನೋಡೇನಿ, ಸಾಕಾಗೇತಿ. ಕುಂಡ್ರಿ ಅಂದ್ರ ಕುಂಡ್ರಬೇಕು!"

ಆನೆಯಂಥ ಆ ಮನುಷ್ಯ ಕೂತ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನ ಜೀವ ಉಳಿಯಿತು. 'ಕೊಲೆಸ್ಟ್ರಾಲ್' ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅಲ್ಲಿ. ನನ್ನ ಸ್ವಭಾವ ನಿನಗೆ ಗೊತ್ತು, ಡಾಕ್ಟರರಿಂದ ಅದರ ಅರ್ಥ ಬಿಡಿಸಿ ಹೇಳಿಸಿಕೊಂಡೆ. ಅದು ರಕ್ತನಾಳದ ಒಳಗೋಡೆಗೆ ಜಿಡ್ಡಿನಂತೆ ಕೂಡುತ್ತದಂತೆ. ಬೀಡಿ, ಬಿ.ಪಿ., ಕೂತ ಬದುಕು ಸೇರಿದರೆ ದಾರಿ ಇನ್ನಷ್ಟು ಬೇಗ ಕಟ್ಟುತ್ತದಂತೆ. ಎದೆಯಲ್ಲಿ ಕಟ್ಟಿದರೆ ಹಾರ್ಟ್ ಅಟ್ಯಾಕ್, ಮೆದುಳಿನಲ್ಲಿ ಕಟ್ಟಿದರೆ ಲಕ್ವಾ. "ರಟ್ಟಿ ನೋಡಿ ಎದಿ ಹೆಂಗೈತಿ ಅಂತ ಹೇಳಾಕ ಬರೂದಿಲ್ರಿ" ಎಂದರು ಡಾಕ್ಟರು.

ಬಾಬುಸಾಬ ಮಲಗಿದಲ್ಲಿಂದಲೇ ಕೇಳಿದ: "ಹೊರಗಿನ ಜೋಡಿ ಆದ್ರ ಎತ್ತಿ ಒಗೀತಿದ್ದೆ ಸಾಹೇಬ್ರ. ಒಳಗಿನದಕ್ಕ ಯಾವ ಪಟ್ಟು ಹಾಕೂದು?"

"ಬೀಡಿ ಬಿಡ್ರಿ, ದಿನಾ ನಡೀರಿ, ಉಪ್ಪು ತುಪ್ಪ ಮಾಂಸ ಕಡಿಮಿ ಮಾಡ್ರಿ. ಮತ್ತ, ಆರಾಮ ಆತಂತ ಗುಳಿಗಿ ಬಿಟ್ಟೀರಿ!"

ಬೀಡಿ ಬಿಟ್ಟ. ಗುಳಿಗೆ ನುಂಗಿದ. ಮೊದಮೊದಲು ಮನೆಯಂಗಳದಲ್ಲಿ, ಆಮೇಲೆ ಊರ ಹೊರಗಿನವರೆಗೆ ನಡೆದ. ಖುರಾಕಿನ ಮಾತು ಬಂದರೆ ಮಾತ್ರ ಮುಖ ತಿರುಗಿಸುತ್ತಿದ್ದ. ಒಮ್ಮೆ ನಮ್ಮಲ್ಲಿ ಊಟಕ್ಕೆ ಕೂತವನು ತುಪ್ಪ ಕೇಳಿದ. ವೈನಿ ಬಡಿಸಲಿಲ್ಲ.

"ಖುರಾಕು ಬಿಟ್ರ ನನಗ ಪೈಲ್ವಾನ ಅಂತ ಯಾರ ಅಂತಾರ್ರಿ?"

"ನಿಮ್ಮ ದೋಸ್ತರಿಗೆ ಎಲ್ಲಾರೂ ಪೈಲ್ವಾನ ಅಂದ್ರು. ಹೊತಗೊಂಡ ಹೋಗೂಮುಂದನೂ ಪೈಲ್ವಾನ ಅಂತನ ಅಂದ್ರು."

ಬಾಬುಸಾಬ ತಾಟನ್ನು ವೈನಿಯ ಕಡೆ ಸರಿಸಿದ. ಮೆಲ್ಲಗೆ ಅಂದ: "ರೊಟ್ಟಿ ಹಾಕ್ರಿ. ಒಣಾದ ಹಾಕ್ರಿ."

ಅಣ್ಣಾ, ಈ ಸಲದ ಹಿರೇಕೆರೂರ ಕುಸ್ತಿಯನ್ನು ನೀನು ನೋಡಬೇಕಿತ್ತು! ಬಾಬುಸಾಬ ಸೋಲು ಗೆಲುವು ಹೇಳುವ ಪಂಚನಾಗಿ ಕಣಕ್ಕಿಳಿದಿದ್ದ. ಮೈ ಅರ್ಧ ಇಳಿದಿದೆ. ಯಾರೋ ಕೂಗಿದರು: "ಯಾಕ್ರಿ ಪೈಲ್ವಾನ್ರ, ಜಡ್ಡಿಗೆ ಬಿದ್ದಿದ್ರೇನು?" ಅವನು ತೊಡೆ ತಟ್ಟಿ ತಿರುಗಿ ನಿಂತ. "ಬಾರೋ ಮಗನ, ಓಡು ನನ್ನ ಕೂಡ!" ಬಿಸಿಲಲ್ಲಿ ಕೊನೆಯ ಜೋಡಿಯವರೆಗೂ ನಿಂತೇ ಇದ್ದ. ಇಬ್ಬರು ಹರೆಯದವರು ಹೊಡೆದಾಟಕ್ಕೆ ಇಳಿದಾಗ ನಡುವೆ ನುಗ್ಗಿ ಬಿಡಿಸಿದ. ಒಂದಿಷ್ಟೂ ಏದುಸಿರಿಲ್ಲ. ಜನ ಸೀಟಿ ಹೊಡೆದರು. ಯಾವತ್ತೂ ದನಿ ಏರಿಸದ ನಾನು ಕೂಗಿದ್ದೆಷ್ಟು ಗೊತ್ತೇ? ಎರಡು ದಿನ ಗಂಟಲೇ ಏಳಲಿಲ್ಲ.

ಮೊನ್ನೆ ಹುಬ್ಬಳ್ಳಿಯ ಡಾಕ್ಟರರು ಪರೀಕ್ಷೆ ಮಾಡಿ, ಬಿ.ಪಿ. ಹಿಡಿತಕ್ಕೆ ಬಂದಿದೆ, ಕೊಲೆಸ್ಟ್ರಾಲೂ ಇಳಿದಿದೆ ಎಂದರು. ಗುಳಿಗೆ ಮಾತ್ರ ನಿಲ್ಲಿಸುವಂತಿಲ್ಲ.

ಇನ್ನೊಂದು ಸುದ್ದಿ. ಶಿಗ್ಗಾಂವ, ರಟ್ಟೀಹಳ್ಳಿ ಕಡೆಯ ಹಳೇ ಪೈಲ್ವಾನರನ್ನೆಲ್ಲ ಬಾಬುಸಾಬ ನಾಳೆ ನಮ್ಮ ಮನೆಗೆ ಊಟಕ್ಕೆ ಕರೆದಿದ್ದಾನೆ. ಎಲ್ಲರೂ ಕುಸ್ತಿ ಬಿಟ್ಟವರು, ಖುರಾಕು ಬಿಡದವರು. "ತುಪ್ಪ ಇಲ್ಲದ ಊಟಕ್ಕ ಅವರು ಜಗಳಾ ತಗದಾರು" ಎಂದು ನಾನು ಹೆದರಿಸಿದೆ. ವೈನಿ ಸೊಪ್ಪು ಸೋಸುತ್ತಿದ್ದರು. ತಲೆ ಎತ್ತಲಿಲ್ಲ.

"ತಗೀಲಿ ಬಿಡು. ಒಬ್ಬೊಬ್ಬರನ್ನ ಚಿತ್ ಮಾಡ್ತೇನಿ."

ನಿನ್ನ ತಮ್ಮ,
ಶಿವಾನಂದ